ಹಸಿರು ದೀಪ ಹೊತ್ತದಿದ್ದಾಗ

ವಿಮಾನವು ನಿಲ್ದಾಣವನ್ನು ಸಮೀಪಿಸಿ, ಚಾಲಕನು ಗಾಲಿಗಳನ್ನಿಳಿಸುವ ಹಿಡಿಯನ್ನು ಕೆಳಕ್ಕೆ ಸರಿಸಿದೊಡನೆ, ಮೂತಿಯ ಕೆಳಗೊಂದು, ರೆಕ್ಕೆಗಳ ಬುಡದಲ್ಲಿ ಒಂದೊಂದು, ಹೀಗೆ ಮೂರು ಗಾಲಿಕಾಲುಗಳು ತಮ್ಮ ಗೂಡುಗಳಿಂದ ಹೊರಬಂದು ಭದ್ರವಾಗಿ ಅಗುಳಿ ಹಾಕಿಕೊಂಡು ನಿಲ್ಲುತ್ತವೆ. ಈ ಕಾರ್ಯವು ಸಾಂಗವಾಗಿ ನೆರವೇರಿತೆಂಬುದನ್ನು ಚಾಲಕರು ಕಣ್ಣಾರೆ ಕಾಣುವಂತಿಲ್ಲವಾದ್ದರಿಂದ, ಕಾಕ್‌ಪಿಟ್ಟಿನಲ್ಲಿ ಬೆಳಗುವ ಮೂರು ಹಸಿರು ದೀಪಗಳೇ ಅವರಿಗೆ ಪ್ರಮಾಣ. ಅವುಗಳಲ್ಲಿ ಒಂದು ಹೊತ್ತದಿದ್ದರೆ ಗಾಲಿಯೇ ಇಳಿದಿಲ್ಲವೆಂದು ನಿರ್ಣಯಿಸಲಾಗದು. ಗಾಲಿ ಸರಿಯಾಗಿಯೇ ಇಳಿದಿದ್ದು, ಅದರ ಸ್ಥಿತಿಯನ್ನರಿಯುವ ಸೆನ್ಸರ್, ಸುದ್ದಿಯನ್ನೊಯ್ಯುವ ತಂತಿ, ಅಥವಾ ಕೇವಲ ಬಲ್ಬು ಕೆಟ್ಟಿರಲೂಬಹುದು. ದೋಷವು ಯಂತ್ರದಲ್ಲಿದೆಯೋ ಸೂಚಕದಲ್ಲಿದೆಯೋ ಎಂಬ ಈ ಸಂದೇಹವನ್ನು ಆಕಾಶದಲ್ಲಿದ್ದುಕೊಂಡೇ ಪರಿಹರಿಸಬೇಕಾಗಿರುವುದು ವೈಮಾನಿಕ ವೃತ್ತಿಯ ಸೂಕ್ಷ್ಮ ಪರೀಕ್ಷೆಗಳಲ್ಲೊಂದು.

ಅಂತಹ ಸಂದರ್ಭ ಒದಗಿದಾಗ ಚಾಲಕರು ಮೊದಲು ಇಳಿಯುವ ಪ್ರಯತ್ನವನ್ನು ಕೈಬಿಟ್ಟು, ಸುರಕ್ಷಿತ ಎತ್ತರಕ್ಕೇರಿ, ನಿಯಂತ್ರಣ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತಾರೆ. ತರುವಾಯ ಕೆಲಸವನ್ನು ಹಂಚಿಕೊಳ್ಳುತ್ತಾರೆ: ಒಬ್ಬನು ವಿಮಾನ ಹಾರಿಸುವುದೊಂದನ್ನೇ ನೋಡಿಕೊಂಡರೆ, ಇನ್ನೊಬ್ಬನು ಕೈಪಿಡಿಯ ಚೆಕ್‌ಲಿಸ್ಟನ್ನು ಓದುತ್ತ ಬಲ್ಬನ್ನು ಪರೀಕ್ಷಿಸಿ, ಆಯಾ ವಿಮಾನಕ್ಕೆ ವಿಧಿಸಿರುವ ಕ್ರಮಗಳನ್ನು ಒಂದೊಂದಾಗಿ ಮಾಡಿ ನೋಡುತ್ತಾನೆ. ಹೈಡ್ರಾಲಿಕ್ ಒತ್ತಡ ಕೈಕೊಟ್ಟಲ್ಲಿ, ಗಾಲಿಗಳನ್ನು ಮೇಲೆ ಹಿಡಿದಿರುವ ಕೊಂಡಿಗಳನ್ನು ಬಿಡಿಸಿ, ಅವು ಸ್ವಂತ ಭಾರದಿಂದಲೇ ಕೆಳಕ್ಕಿಳಿಯುವಂತೆ ಮಾಡುವ ಬದಲಿ ವ್ಯವಸ್ಥೆಯೂ ಉಂಟು. ಕೆಲವೊಮ್ಮೆ ನಿಯಂತ್ರಣ ಗೋಪುರದ ಬಳಿ ತಗ್ಗಾಗಿ ಹಾರಿ, ಅಲ್ಲಿಯವರಿಂದ ನೋಡಿಸುವುದೂ ಉಂಟು. ಆದರೆ ಗಾಲಿ ಹೊರಬಂದಿದೆಯೆಂದು ಅವರು ಹೇಳಬಲ್ಲರೇ ಹೊರತು ಅಗುಳಿ ಬಿದ್ದಿದೆಯೆಂದು ಹೇಳಲಾರರು. ಇಷ್ಟಾದರೂ ಸಂದೇಹ ಉಳಿದರೆ, ಗಾಲಿ ಕುಸಿಯಬಹುದೆಂದೇ ಭಾವಿಸಿ, ಪ್ರಯಾಣಿಕರನ್ನು ಸಿದ್ಧಗೊಳಿಸಿ, ಅಗ್ನಿಶಾಮಕ ದಳವನ್ನು ರನ್‌ವೇ ಬಳಿ ನಿಲ್ಲಿಸಿಕೊಂಡು ಇಳಿಯುತ್ತಾರೆ.

ಹಾಗೆ ಇಳಿಯುವುದು ಸಾವಿಗೆ ಸಮಾನವೆಂಬ ಭಾವನೆ ಸರಿಯಲ್ಲ. 2011ರ ನವೆಂಬರ್ 1ರಂದು ಪೋಲೆಂಡಿನ ವಾರ್ಸಾದಲ್ಲಿ ಬೋಯಿಂಗ್ 767 ವಿಮಾನವೊಂದು ಒಂದು ಗಾಲಿಯೂ ಇಳಿಯದೆ ಹೊಟ್ಟೆಯ ಮೇಲೆಯೇ ಜಾರಿ ನಿಂತಾಗ, ಅದರಲ್ಲಿದ್ದ 231 ಮಂದಿಯೂ ಬದುಕಿ ಹೊರಬಂದರು. ಇದಕ್ಕೆ ವ್ಯತಿರಿಕ್ತವಾಗಿ, ಗಾಲಿಗಳು ಇಳಿದೇ ಇದ್ದ ಎರಡು ವಿಮಾನಗಳು ಅಮೆರಿಕದಲ್ಲಿ ನಾಶವಾದುವು.

1972ರ ಡಿಸೆಂಬರ್ 29ರ ರಾತ್ರಿ, ನ್ಯೂಯಾರ್ಕಿನಿಂದ ಮಯಾಮಿಗೆ ಬಂದ ಈಸ್ಟರ್ನ್ ಏರ್‌ಲೈನ್ಸಿನ 401ನೆಯ ವಿಮಾನದಲ್ಲಿ ಮೂತಿಗಾಲಿಯ ದೀಪ ಹೊತ್ತಲಿಲ್ಲ. 2,000 ಅಡಿಗೇರಿ, ವಿಮಾನವನ್ನು ಆಟೊಪೈಲಟ್ಟಿಗೆ ಒಪ್ಪಿಸಿ, ಸಹಚಾಲಕನು ದೀಪದ ಬಿಲ್ಲೆಯನ್ನು ಕಳಚಿ ಮತ್ತೆ ಕೂರಿಸಲು ಹೋದಾಗ ಅದು ಓರೆಯಾಗಿ ಸಿಕ್ಕಿಕೊಂಡಿತು; ಹಿಡಿತಕ್ಕೊಂದು ಕರವಸ್ತ್ರ ದೊರಕೀತೇ ಎಂದು ಆತ ಕೇಳುತ್ತಿದ್ದ. ಫ್ಲೈಟ್ ಎಂಜಿನಿಯರ್ ಗಾಲಿಯನ್ನು ಕಣ್ಣಾರೆ ನೋಡಲೆಂದು ಕಾಕ್‌ಪಿಟ್ಟಿನ ಕೆಳಗಣ ಇಕ್ಕಟ್ಟಾದ ಕೋಣೆಗೆ ಇಳಿದ. ಈ ನಡುವೆ, ಬಹುಶಃ ಕ್ಯಾಪ್ಟನ್ನನ ಮೈ ಚಾಲನದಂಡಕ್ಕೆ ತಗುಲಿ, ಎತ್ತರವನ್ನು ಕಾಯುತ್ತಿದ್ದ ಆಟೊಪೈಲಟ್ ವ್ಯವಸ್ಥೆ ಕಳಚಿತು. ಎಚ್ಚರಿಕೆಯ ಸದ್ದು ಯಾರ ಕಿವಿಗೂ ಬೀಳಲಿಲ್ಲ. ಕತ್ತಲಲ್ಲಿ ಮೆಲ್ಲಮೆಲ್ಲನೆ ಇಳಿದ ವಿಮಾನ ಎವರ್‌ಗ್ಲೇಡ್ಸ್ ಜೌಗುಭೂಮಿಗೆ ಅಪ್ಪಳಿಸಿ, 101 ಮಂದಿ ಮಡಿದರು. ಕೆಟ್ಟಿದ್ದುದು ಬಲ್ಬು ಮಾತ್ರ.

1978ರ ಡಿಸೆಂಬರ್ 28ರಂದು ಆರಿಗನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ, ಯುನೈಟೆಡ್ ಏರ್‌ಲೈನ್ಸಿನ 173ನೆಯ ವಿಮಾನದ ಬಲಗಾಲಿ ದಡಾರನೆ ಇಳಿದ ಆಘಾತಕ್ಕೆ ಅದರ ಸೂಚಕದ ಸ್ವಿಚ್ಚು ಹಾಳಾಗಿ ದೀಪ ಬೆಳಗದೆ ಹೋಯಿತು. ಕ್ಯಾಪ್ಟನ್ನನು ಸುಮಾರು ಒಂದು ಗಂಟೆಯ ಕಾಲ ಆಗಸದಲ್ಲೇ ಸುತ್ತುತ್ತ, ತುರ್ತು ಇಳಿತದ ಸಿದ್ಧತೆಯಲ್ಲಿ ಮಗ್ನನಾದನು. ಇಂಧನ ಕ್ಷೀಣಿಸುತ್ತಿರುವುದನ್ನು ಸಹೋದ್ಯೋಗಿಗಳು ಸೂಚಿಸಿದರಾದರೂ, ಹಿರಿಯನೆದುರು ಅದನ್ನು ಒತ್ತಿ ಹೇಳಲಿಲ್ಲ. ಎಂಜಿನ್ನುಗಳು ಒಂದೊಂದಾಗಿ ನಿಂತು, ನಿಲ್ದಾಣ ತಲಪುವ ಮುನ್ನವೇ ವಿಮಾನ ನೆಲಕ್ಕೆ ಬಿದ್ದು, ಹತ್ತು ಜನ ಸತ್ತರು.

ಈ ದುರಂತಗಳಿಂದ ವಿಮಾನ ಜಗತ್ತು ಕಲಿತ ಪಾಠ ಗಾಲಿಗೆ ಸಂಬಂಧಿಸಿದ್ದಲ್ಲ, ಮನುಷ್ಯರ ಲಕ್ಷ್ಯಕ್ಕೆ ಸಂಬಂಧಿಸಿದ್ದು. 1979ರಲ್ಲಿ ನಾಸಾ ಸಂಸ್ಥೆ ನಡೆಸಿದ ಕಾರ್ಯಾಗಾರವೂ, 1981ರಲ್ಲಿ ಯುನೈಟೆಡ್ ಸಂಸ್ಥೆಯೇ ಆರಂಭಿಸಿದ ತರಬೇತಿಯೂ ಇಂದಿನ ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್ ಎಂಬ ಶಿಕ್ಷಣಕ್ರಮಕ್ಕೆ ತಳಹದಿಯಾದುವು: ಕಿರಿಯನು ಅಳುಕದೆ ಹೇಳಬೇಕು, ಹಿರಿಯನು ಕಿವಿಗೊಟ್ಟು ಕೇಳಬೇಕು, ಎಷ್ಟೇ ಜಟಿಲವಾದ ದೋಷ ತಲೆದೋರಿದರೂ ಒಬ್ಬನ ದೃಷ್ಟಿ ಹಾರಾಟದಿಂದ ಕದಲಬಾರದು, ಇಂಧನ ಅನುಮತಿಸುವ ಗಡುವನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.

ಆದಕಾರಣ, ನೀವು ಕುಳಿತ ವಿಮಾನ ಎಂದಾದರೂ ಇಳಿಯಲೆಂದು ಬಂದು ಮತ್ತೆ ಮೇಲೇರಿ ಸುತ್ತತೊಡಗಿದರೆ, ಭೀತರಾಗಬೇಡಿ; ಮುಂದಿರುವವರು ಅವಸರಪಡದೆ ತಮ್ಮ ಕೆಲಸ ಮಾಡುತ್ತಿದ್ದಾರೆಂದು ತಿಳಿಯಿರಿ. ಬೆಲ್ಟು ಕಟ್ಟಿಕೊಂಡು ಸಿಬ್ಬಂದಿಯ ಮಾತಿಗೆ ಕಿವಿಗೊಡಿ. ಒಂದು ವೇಳೆ ತುರ್ತುದ್ವಾರದಿಂದ ಹೊರಬೀಳಬೇಕಾಗಿ ಬಂದರೆ, ನಿಮ್ಮ ಚೀಲವನ್ನು ಅಲ್ಲಿಯೇ ಬಿಟ್ಟು ಇಳಿಯಿರಿ.