ಪಳಗಿದ ಆನೆ ಮತ್ತು ಪ್ರಾಣಿರಕ್ಷಣೆಯ ಕಾನೂನು: ಹೆಗ್ಗಡದೇವನಕೋಟೆ ಸೀಮೆಯ ಒಂದು ನಿದರ್ಶನ

ಮೈಸೂರಿನಿಂದ ಮಾನಂದವಾಡಿಯತ್ತ ಸಾಗುವ ರಸ್ತೆಯು ಹೆಗ್ಗಡದೇವನಕೋಟೆಯ ಬಳಿಯ ಹ್ಯಾಂಡ್‌ಪೋಸ್ಟನ್ನು ದಾಟಿ, ಅಂತರಸಂತೆಯ ಮುಂದೆ ಕಾಡನ್ನು ಹೊಕ್ಕು, ಬಳ್ಳೆಯ ಆನೆ ಶಿಬಿರವನ್ನು ಮುಟ್ಟುತ್ತದೆ. ದಸರೆಯ ಅಂಬಾರಿಯನ್ನು 2012ರಿಂದ 2019ರವರೆಗೆ ಎಂಟು ಬಾರಿ ಹೊತ್ತ ಅರ್ಜುನನ ನೆಲೆ ಈ ಬಳ್ಳೆ. 1968ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಸೆರೆಸಿಕ್ಕ ಈ ಆನೆಯು 2023ರ ಡಿಸೆಂಬರ್ 4ರಂದು ಹಾಸನ ಜಿಲ್ಲೆಯ ಯಸಳೂರು ವಲಯದಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯ ನಡುವೆ, ಸಲಗವೊಂದರೊಡನೆ ಕಾದಾಡಿ ಸತ್ತಿತು. ಭಾರತದ ಪ್ರಾಣಿರಕ್ಷಣಾ ಕಾನೂನುಗಳ ಬಲಾಬಲವನ್ನು ತೂಗಿನೋಡಲು ಈ ಒಂದು ಜೀವಿಯ ಆಯುಷ್ಯವೇ ಸಾಕಷ್ಟು ಸಾಮಗ್ರಿಯನ್ನು ಒದಗಿಸುತ್ತದೆ.

ಅರ್ಜುನನು ಸೆರೆಯಾದಾಗ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯಿದೆ ಜಾರಿಯಲ್ಲಿತ್ತು. ರುಕ್ಮಿಣಿದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ನಡೆಸಿದ ಪ್ರಯತ್ನದ ಫಲವಾಗಿ 1960ರಲ್ಲಿ ರೂಪುಗೊಂಡ ಈ ಕಾಯಿದೆಯನ್ವಯ 1962ರಲ್ಲಿ ಪ್ರಾಣಿ ಕಲ್ಯಾಣ ಮಂಡಲಿಯೂ ಸ್ಥಾಪನೆಯಾಯಿತು. ಆದರೂ ಖೆಡ್ಡಾ ನಿಲ್ಲಲಿಲ್ಲ. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷವೇ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. 1977ರಲ್ಲಿ ಆನೆಯನ್ನು ಅದರ ಮೊದಲನೆಯ ಅನುಸೂಚಿಗೆ ಸೇರಿಸಲಾಯಿತು. ಕಾಡಿನ ಆನೆಗೆ ದೊರೆತ ಈ ಶ್ರೇಷ್ಠ ರಕ್ಷಣೆಯು ಅದಾಗಲೇ ಸರಪಳಿಗೆ ಬಿದ್ದ ಆನೆಯನ್ನು ಕಾಡಿಗೆ ಮರಳಿಸಲಿಲ್ಲ. ಅಪಾಯಕಾರಿಯಾದ ಆನೆಯನ್ನು ಅನುಮತಿ ಪಡೆದು ಹಿಡಿಯಲು ಅದೇ ಕಾಯಿದೆಯಲ್ಲಿ ಅವಕಾಶವಿದ್ದು, ಹಾಗೆ ಹಿಡಿಯಲು ಪಳಗಿದ ಆನೆಗಳೇ ಬೇಕಾದವು.

1960ರ ಕಾಯಿದೆಯ ದೌರ್ಬಲ್ಯವು ಅದರ ದಂಡದಲ್ಲಿಯೇ ಎದ್ದು ಕಾಣುತ್ತದೆ. ಮೊದಲ ಅಪರಾಧಕ್ಕೆ ಹತ್ತು ರೂಪಾಯಿಗೆ ಕಡಮೆಯಿಲ್ಲದ, ಐವತ್ತು ರೂಪಾಯಿಗೆ ಮೀರದ ಜುಲ್ಮಾನೆ! ಅರುವತ್ತು ವರ್ಷಗಳ ನಂತರವೂ ಈ ಮೊತ್ತ ಬದಲಾಗಿಲ್ಲ. ಅಳತೆಮೀರಿ ಭಾರ ಹೊರಿಸುವುದು ಇದರನ್ವಯ ಅಪರಾಧ; ಆ ಅಳತೆಯನ್ನು ಗೊತ್ತುಪಡಿಸಲು 1965ರಲ್ಲಿ ನಿಯಮಗಳು ಬಂದವು. ಕತ್ತೆಯ ಬೆನ್ನಿಗೆ 50 ಕಿಲೋ, ಹೇಸರಗತ್ತೆಗೆ 200, ಒಂಟೆಗೆ 250 ಎಂದು ವಿಧಿಸುವ ಆ ಪಟ್ಟಿಯಲ್ಲಿ ಆನೆಯಿಲ್ಲ. ದಸರೆಯ ಚಿನ್ನದ ಅಂಬಾರಿಯ ತೂಕವಾದರೋ ಸುಮಾರು 750 ಕಿಲೋ. ಅರಮನೆಯಿಂದ ಬನ್ನಿಮಂಟಪದವರೆಗಿನ ದಾರಿ ಸುಮಾರು ಐದು ಕಿಲೋಮೀಟರು. ಅಗಸನ ಕತ್ತೆಯನ್ನು ಕಂಡ ಕಾನೂನು ಅರಸನ ಆನೆಯನ್ನು ಕಾಣದೆ ಹೋದದ್ದು ಕೇವಲ ಮರೆವೆಂದು ಹೇಳುವುದು ಕಷ್ಟ. ಕೇಂದ್ರ ಸರ್ಕಾರವು ಸಾಕಾನೆಗಳ ಬಗೆಗೆ 2008ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು. ನೆರೆಯ ಕೇರಳವು 2003ರಲ್ಲಿ, ಮತ್ತೆ 2012ರಲ್ಲಿ ತನ್ನದೇ ನಿಯಮಗಳನ್ನು ರಚಿಸಿಕೊಂಡಿತು.

ಜನಪದರ ಆಚರಣೆಗಳ ವಿಷಯದಲ್ಲಿ ಕಾನೂನಿನ ನಡೆ ಬೇರೆಯೇ ಆಗಿದೆ. ಧರ್ಮವೊಂದು ವಿಧಿಸುವ ರೀತಿಯಲ್ಲಿ ಪ್ರಾಣಿಯನ್ನು ಕೊಲ್ಲುವುದು ಅಪರಾಧವಲ್ಲವೆಂದು ಕೇಂದ್ರದ ಕಾಯಿದೆಯ 28ನೆಯ ಪ್ರಕರಣ ಹೇಳಿದರೆ, ಕರ್ನಾಟಕದ 1959ರ ಪ್ರಾಣಿಬಲಿ ತಡೆ ಕಾಯಿದೆಯು ದೇವಾಲಯದ ಆವರಣದಲ್ಲಿ ಬಲಿಯನ್ನು ನಿಷೇಧಿಸುತ್ತದೆ. ಗ್ರಾಮದೇವತೆಯ ಜಾತ್ರೆಗೆ ಕುರಿ ತಂದ ಒಕ್ಕಲು ಈ ಎರಡರ ನಡುವೆ ನಿಲ್ಲಬೇಕು. ಜಲ್ಲಿಕಟ್ಟು ಹಾಗೂ ಎತ್ತಿನ ಓಟಗಳನ್ನು 2014ರಲ್ಲಿ ತಡೆದ ಸುಪ್ರೀಂ ಕೋರ್ಟು, ಕಂಬಳ ಮತ್ತು ಎತ್ತಿನಗಾಡಿ ಓಟಕ್ಕೆ ದಾರಿಮಾಡಿಕೊಟ್ಟ ಕರ್ನಾಟಕದ 2017ರ ತಿದ್ದುಪಡಿಯನ್ನು 2023ರ ಮೇ 18ರಂದು ಎತ್ತಿಹಿಡಿಯಿತು. ಸಂಘಟಿತರಾಗಿ ತಮ್ಮ ಆಚರಣೆಯನ್ನು ‘ಪರಂಪರೆ’ಯೆಂದು ಮಂಡಿಸಬಲ್ಲವರಿಗೆ ವಿನಾಯಿತಿ ದೊರೆಯಿತು, ಉಳಿದವರಿಗೆ ದೊರೆಯಲಿಲ್ಲ.

ಇನ್ನು ಮಾವುತರು ಮತ್ತು ಕಾವಾಡಿಗಳ ಸಂಗತಿ. ಈ ಸೀಮೆಯ ಶಿಬಿರಗಳಲ್ಲಿ ಅವರಲ್ಲಿ ಬಹುಪಾಲು ಜೇನುಕುರುಬರು. ಯಾವ ಸೊಪ್ಪು ಯಾವ ಹೊತ್ತಿಗೆ ಹಿತ, ಮದವೇರುವ ಮುನ್ನ ಕೆನ್ನೆಯ ಒಸರು ಹೇಗಿರುತ್ತದೆ, ಯಾವ ಆನೆ ಯಾವುದರ ಪಕ್ಕದಲ್ಲಿ ನಿಲ್ಲಲಾರದು ಎಂಬ ತಿಳಿವಳಿಕೆಯು ತಂದೆಯಿಂದ ಮಗನಿಗೆ ಬಾಯಿಮಾತಿನಲ್ಲಿ, ಅದಕ್ಕಿಂತ ಹೆಚ್ಚಾಗಿ ಕೈಕೆಲಸದಲ್ಲಿ ಹರಿದುಬರುತ್ತದೆ. ‘ಬೈಠ್’ ಎಂಬಂಥ ಆಜ್ಞೆಗಳು ಪರಭಾಷೆಯವಾದರೂ ಉಳಿದ ಮಾತುಕತೆಯೆಲ್ಲ ಅವರ ಮನೆಮಾತಿನದು. ಆನೆಯ ಕ್ಷೇಮದ ವಿಚಾರದಲ್ಲಿ ಇವರಿಗಿಂತ ಬಲ್ಲ ಸಾಕ್ಷಿಗಳಿಲ್ಲ. ಕಾನೂನಿನ ಭಾಷೆಯಲ್ಲಾದರೋ ಇವರು ಪ್ರಾಣಿಯನ್ನು ‘ವಶದಲ್ಲಿ ಇಟ್ಟುಕೊಂಡವರು’. ಕ್ರೌರ್ಯ ನಡೆದರೆ ಮೊದಲ ಆರೋಪಿಗಳು.

ಅರುವತ್ತು ದಾಟಿದ ಆನೆಯ ಮೇಲೆ ಭಾರ ಹೊರಿಸಬಾರದೆಂಬ ಕಾರಣದಿಂದ 2020ರಲ್ಲಿ ಅಂಬಾರಿಯು ಅರ್ಜುನನಿಂದ ಅಭಿಮನ್ಯುವಿಗೆ ಹೋಯಿತು. ಬೆನ್ನಿನ ಭಾರ ಇಳಿಯಿತು, ಸೇವೆ ಮುಗಿಯಲಿಲ್ಲ. ಮೆರವಣಿಗೆಗೆ ವಯಸ್ಸಾಗಿದೆಯೆಂದು ಬಿಟ್ಟ ಆನೆಯನ್ನು ಸಲಗದ ಎದುರಿಗೆ ನಿಲ್ಲಿಸಬಾರದೆಂಬ ನಿಯಮವನ್ನು ಅಲ್ಲಿಯವರೆಗೆ ಯಾರೂ ಬರೆದಿರಲಿಲ್ಲವೇ ಎಂಬ ಪ್ರಶ್ನೆಯು ಅದರ ಸಾವಿನ ನಂತರವಷ್ಟೇ ಗಟ್ಟಿಯಾಗಿ ಕೇಳಿಬಂದಿತು. ಕಳೇಬರವನ್ನು ಬಳ್ಳೆಗೆ ತರಬೇಕೆಂಬ ಒತ್ತಾಯವಿದ್ದರೂ ಯಸಳೂರಿನ ಅರಣ್ಯದಲ್ಲಿಯೇ ಮಣ್ಣುಮಾಡಲಾಯಿತು.