ಸೊಲ್ಲಾಪುರ ಪರದೇಶವಾಗಿದ್ದ ಕಾಲ

ಮಕ್ಕಳೇ, ಪಕ್ಕದ ದೇಶಕ್ಕೆ ರಸ್ತೆಯಲ್ಲೇ ಹೋಗಿಬರುವುದೆಂದರೆ ನಿಮಗೆ ನೇಪಾಳ, ಭೂತಾನ ನೆನಪಾಗಬಹುದು. ನಮ್ಮ ಬೀದರ್ ಸೀಮೆಯವರು ಒಂದು ಕಾಲಕ್ಕೆ ಅಷ್ಟು ದೂರ ಹೋಗಬೇಕಿರಲಿಲ್ಲ. ಸೊಲ್ಲಾಪುರಕ್ಕೆ ಹೋದರೆ ಸಾಕಿತ್ತು!

ಕಳೆದ ದಸರಾ ರಜೆಯಲ್ಲಿ ಮನ್ನಳ್ಳಿಯಿಂದ ಮೊಮ್ಮಕ್ಕಳನ್ನು ಕರೆದುಕೊಂಡು ಸೊಲ್ಲಾಪುರದ ಸಿದ್ಧರಾಮೇಶ್ವರನ ದರ್ಶನಕ್ಕೆ ಹೊರಟಿದ್ದೆ. ಹುಮನಾಬಾದ್, ಉಮರ್ಗಾ ದಾಟಿ ನಳದುರ್ಗದಲ್ಲಿ ಚಹಾಕ್ಕೆ ನಿಂತೆವು. “ಇಲ್ಲಿಂದ ಸ್ವಲ್ಪ ಮುಂದೆ ಹೋದರೆ ಹಿಂದೆ ನಮ್ಮ ರಾಜ್ಯವೇ ಮುಗಿದು ಬೇರೆ ದೇಶ ಶುರುವಾಗುತ್ತಿತ್ತು” ಎಂದೆ.

“ಹಂಗಾದ್ರ ಪಾಸ್‌ಪೋರ್ಟ್ ಬೇಕಿತ್ತೇನು ಮುತ್ಯಾ?” ಎಂದಳು ಮೊಮ್ಮಗಳು.

ನನ್ನ ಅಪ್ಪ ಹೇಳುತ್ತಿದ್ದುದನ್ನೇ ಅವಳಿಗೆ ಹೇಳಿದೆ. ಆಗ ಬೀದರ್, ನಳದುರ್ಗ ಎರಡೂ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಸೊಲ್ಲಾಪುರ ಬ್ರಿಟಿಷರ ಮುಂಬಯಿ ಪ್ರಾಂತ್ಯದ್ದು. ನಿಜಾಮರಿಗೆ ತಮ್ಮದೇ ರೈಲು, ತಮ್ಮದೇ ಅಂಚೆಚೀಟಿ, ತಮ್ಮದೇ ಸೈನ್ಯ. ಸರ್ಕಾರಿ ಭಾಷೆ ಉರ್ದು. ಗಡಿ ದಾಟುವ ಸರಕಿಗೆ ಸುಂಕ. ಆ ಇಲಾಖೆಗೆ ‘ಕರೋಡಗಿರಿ’ ಎನ್ನುತ್ತಿದ್ದರು.

ದುಡ್ಡೂ ಬೇರೆ. ಇಲ್ಲಿನದು ಚಾರ್‌ಮಿನಾರ್ ಚಿತ್ರವಿದ್ದ ‘ಹಾಲಿ ಸಿಕ್ಕಾ’, ಅಲ್ಲಿನದು ‘ಕಲ್ದಾರ್’. ಸುಮಾರು 7 ಸಿಕ್ಕಾ ರೂಪಾಯಿ ಕೊಟ್ಟರೆ 6 ಕಲ್ದಾರ್. 70 ರೂಪಾಯಿ ಕಟ್ಟಿಕೊಂಡು ಸಂತೆಗೆ ಹೋದವನ ಕೈಯಲ್ಲಿ ಎಷ್ಟು ಕಲ್ದಾರ್ ಉಳಿಯುತ್ತಿತ್ತು? ಲೆಕ್ಕ ಹಾಕಿ ನೋಡಿ.

1947ರ ಆಗಸ್ಟ್ 15ರಂದು ಸೊಲ್ಲಾಪುರದಲ್ಲಿ ತ್ರಿವರ್ಣ ಧ್ವಜ ಹಾರಿತು. ನಿಜಾಮರು ಭಾರತಕ್ಕೆ ಸೇರಲಿಲ್ಲ. ಮರುವರ್ಷ ರಜಾಕಾರರ ಹಾವಳಿ ಹೆಚ್ಚಿತು. ಮೇ ತಿಂಗಳಲ್ಲಿ ಗೋರಟಾ ಗ್ರಾಮದಲ್ಲಿ ಬಹಳ ಮಂದಿ ಹತರಾದರು, ಅಲ್ಲೀಗ ಸ್ಮಾರಕವಿದೆ. ಎಷ್ಟೋ ಕುಟುಂಬಗಳು ಮನೆಮಠ ಬಿಟ್ಟು, ಮಕ್ಕಳುಮರಿ ಕಟ್ಟಿಕೊಂಡು ಗಡಿಯಾಚೆಗೆ ಹೋದವು. ಅವರಿಗೆ ಅದು ತಿರುಗಾಟವಲ್ಲ, ಜೀವ ಉಳಿಸಿಕೊಳ್ಳುವ ದಾರಿ.

ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ. ಎನ್. ಚೌಧರಿ ಅವರ ನೇತೃತ್ವದಲ್ಲಿ ಭಾರತದ ಸೇನೆ ಸೊಲ್ಲಾಪುರದ ಕಡೆಯಿಂದ ಒಳಬಂತು. ಮೊದಲ ದಿನವೇ ನಳದುರ್ಗ ಕೈಸೇರಿತು. 17ರಂದು ನಿಜಾಮರು ಶರಣಾದರು. ದೇಶಕ್ಕಿಂತ 13 ತಿಂಗಳು ತಡವಾಗಿ ನಮಗೆ ಸ್ವಾತಂತ್ರ್ಯ ಬಂತು. ನಮ್ಮ ಭಾಗದ ಶಾಲೆಗಳಲ್ಲಿ ಸೆಪ್ಟೆಂಬರ್ 17ರಂದು ಮತ್ತೊಮ್ಮೆ ಧ್ವಜ ಏರಿಸುವುದು ಅದಕ್ಕೇ. 2019ರಿಂದ ಆ ದಿನಕ್ಕೆ ಕಲ್ಯಾಣ ಕರ್ನಾಟಕ ಉತ್ಸವ ಎಂಬ ಹೆಸರು.

ಮುಂದೆ 1956ರ ನವೆಂಬರ್ 1ರಂದು ಭಾಷೆಯ ಆಧಾರದ ಮೇಲೆ ಹೊಸ ಗೆರೆ ಎಳೆದರು. ಹಳೆಯ ಬೀದರ್ ಜಿಲ್ಲೆಯೇ ಮೂರು ಪಾಲಾಯಿತು. ಬೀದರ್, ಭಾಲ್ಕಿ, ಔರಾದ್ ನಮ್ಮ ಕಡೆ ಉಳಿದವು. ಉದಗೀರ್ ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್ ಆಂಧ್ರಕ್ಕೆ ಹೋದವು. ಆದರೆ ಬೀಗತನ ಪಾಲಾಗಲಿಲ್ಲ. ಇಂದಿಗೂ ಈ ಮೂರೂ ಕಡೆ ಹೆಣ್ಣು ಕೊಟ್ಟು ತರುವುದು ನಡೆದೇ ಇದೆ.

ಈಗ ಗಡಿ ದಾಟಿದ್ದು ಗೊತ್ತಾಗುವುದು ಅಂಗಡಿಯ ಬೋರ್ಡುಗಳಿಂದ ಮಾತ್ರ. ಹಾಲಿ ಸಿಕ್ಕಾ 1959ರಲ್ಲಿ ಚಲಾವಣೆಯಿಂದ ಹೋಯಿತು. ಆದರೂ ನಿಮ್ಮ ಅಜ್ಜಿಯ ಪೆಟ್ಟಿಗೆಯ ತಳದಲ್ಲಿ ಚಾರ್‌ಮಿನಾರಿನ ಒಂದು ನಾಣ್ಯ ಇದ್ದೀತು. ಕೇಳಿ ನೋಡಿ, ನಾಣ್ಯದ ಜೊತೆ ಕತೆಯೂ ಸಿಗುತ್ತದೆ.