ಮುಪ್ಪು ಬಂದ ಹ್ಯಾಮ್‌ಸ್ಟರಿಗೆ ಮನೆಯ ಆರೈಕೆ

ಮಕ್ಕಳ ಹಟಕ್ಕೆ ಮಣಿದು ಮನೆಗೆ ತಂದ ಹ್ಯಾಮ್‌ಸ್ಟರ್ ಎರಡು ವರ್ಷ ತುಂಬುವಷ್ಟರಲ್ಲಿ ಮುದಿಯಾಗಿಬಿಡುತ್ತದೆ. ತಂದ ಹೊಸದರಲ್ಲಿ ರಾತ್ರಿಯೆಲ್ಲಾ ಚಕ್ರ ತಿರುಗಿಸಿ ಮನೆಮಂದಿಯ ನಿದ್ದೆಗೆಡಿಸುತ್ತಿದ್ದ ಜೀವ ಈಗ ಮೂಲೆಯಲ್ಲಿ ಮುದುಡಿ ಮಲಗಿರುತ್ತದೆ. ಬೆನ್ನಿನ ಕೂದಲು ತೆಳುವಾಗಿರುತ್ತದೆ, ಕಣ್ಣಿಗೆ ಪೊರೆ ಬಂದಿರುತ್ತದೆ. ಅಷ್ಟು ಹೊತ್ತಿಗೆ ಮಕ್ಕಳ ಉತ್ಸಾಹವೂ ಪರೀಕ್ಷೆ, ಮೊಬೈಲು, ಕ್ರಿಕೆಟ್ಟಿನ ಕಡೆಗೆ ಹರಿದಿರುತ್ತದೆ. ಕೊನೆಗೆ ಅದರ ಭಾರ ಬೀಳುವುದು ಯಾರ ಮೇಲೆ? ಹೇಳಬೇಕಾದ್ದೇ ಇಲ್ಲ, ಮನೆಯ ಗೃಹಿಣಿಯ ಮೇಲೆ!

"ಇಲಿಗೂ ಡಾಕ್ಟರೇನ್ರೀ?" ಅಂತ ಪಕ್ಕದ ಮನೆಯವರು ನಗಬಹುದು. ನಗಲಿ ಬಿಡಿ. ಅದೇನೂ ತಾನಾಗಿ ನಮ್ಮ ಮನೆಗೆ ಬಂದದ್ದಲ್ಲ, ನಾವೇ ತಂದು ಪಂಜರದಲ್ಲಿಟ್ಟದ್ದು. ತನ್ನ ಆಹಾರ ತಾನು ಹುಡುಕಿಕೊಳ್ಳಲು, ಬಿಸಿಲಿನಿಂದ ತಪ್ಪಿಸಿಕೊಳ್ಳಲು ಅದಕ್ಕೆ ದಾರಿಯಿಲ್ಲ. ಎಲ್ಲಕ್ಕೂ ನಮ್ಮ ಕೈಯನ್ನೇ ಕಾಯಬೇಕು. ಸ್ವಲ್ಪ ತಿಳಿವಳಿಕೆ ಇದ್ದರೆ ಅದರ ಕೊನೆಯ ತಿಂಗಳುಗಳನ್ನು ನೋವಿಲ್ಲದೆ ಕಳೆಯುವ ಹಾಗೆ ಮಾಡುವುದು ಕಷ್ಟವೇನಲ್ಲ.

ಎಲ್ಲಿಂದ ಬಂತು ಈ ಪ್ರಾಣಿ?

ನಮ್ಮಲ್ಲಿ ಹೆಚ್ಚಾಗಿ ಸಾಕುವ ಹೊಂಬಣ್ಣದ ಹ್ಯಾಮ್‌ಸ್ಟರಿನ ತವರು ಸಿರಿಯಾ ದೇಶ. 1930ರಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞರು ಅಲೆಪ್ಪೊ ನಗರದ ಬಳಿ ನೆಲ ಅಗೆಸಿ ಒಂದು ತಾಯಿಯನ್ನೂ ಅದರ ಮರಿಗಳನ್ನೂ ಹಿಡಿದು ತಂದರು. ಇಂದು ಜಗತ್ತಿನ ಮನೆಗಳಲ್ಲಿರುವ ಈ ಜಾತಿಯ ಹ್ಯಾಮ್‌ಸ್ಟರುಗಳಲ್ಲಿ ಬಹುಪಾಲು ಆ ಒಂದು ಸಂಸಾರದ ಕುಡಿಗಳೇ. ಇದು ಬಿಲದಲ್ಲಿ ಒಂಟಿಯಾಗಿ ಬಾಳುವ, ರಾತ್ರಿ ಹೊತ್ತು ಓಡಾಡುವ ಪ್ರಾಣಿ. "ಪಾಪ, ವಯಸ್ಸಾಯಿತು, ಜೊತೆಗೊಂದಿರಲಿ" ಎಂದು ಇನ್ನೊಂದನ್ನು ತಂದು ಬಿಡಬೇಡಿ. ಎರಡೂ ಕಚ್ಚಾಡುತ್ತವೆ, ಮುದಿಯದೇ ಸೋಲುತ್ತದೆ. ಇದರ ಆಯುಸ್ಸು ಎರಡರಿಂದ ಮೂರು ವರ್ಷ. ಇನ್ನೂ ಚಿಕ್ಕದಾದ ಕುಳ್ಳ ಜಾತಿಯವು ಒಂದೂವರೆ, ಎರಡು ವರ್ಷ ಬದುಕಿದರೆ ಹೆಚ್ಚು.

ತೂಕವೇ ಕನ್ನಡಿ

ಹ್ಯಾಮ್‌ಸ್ಟರ್ ತನ್ನ ಕಾಯಿಲೆಯನ್ನು ಬಚ್ಚಿಡುತ್ತದೆ. ನಿಶ್ಶಕ್ತಿ ತೋರಿಸಿದರೆ ಬೇಟೆಯಾಗುತ್ತೇನೆಂಬ ಭಯ ಅದರ ರಕ್ತದಲ್ಲೇ ಇದೆ. ಆದ್ದರಿಂದ ಕಣ್ಣಿಗೆ ಕಾಣುವ ಮೊದಲೇ ತಕ್ಕಡಿಗೆ ತಿಳಿಯುತ್ತದೆ. ಅಡಿಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಒಂದು ಬೇರೆ ಬಟ್ಟಲಿಟ್ಟು, ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ತೂಗಿ, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಗುರುತು ಹಾಕಿಕೊಳ್ಳಿ. ಬೆಳೆದ ಸಿರಿಯನ್ ಹ್ಯಾಮ್‌ಸ್ಟರ್ ಸಾಮಾನ್ಯವಾಗಿ 100ರಿಂದ 150 ಗ್ರಾಂ ತೂಗುತ್ತದೆ. 120 ಗ್ರಾಂ ಇದ್ದದ್ದು 108ಕ್ಕೆ ಇಳಿದರೆ ಡಾಕ್ಟರಿಗೆ ತೋರಿಸಿ.

ಕೆಲವನ್ನು ನೋಡಿ ಸುಮ್ಮನೆ ಗಾಬರಿಯಾಗುವುದೂ ಉಂಟು. ಅದರ ಹಲ್ಲು ಹಳದಿ, ಕಿತ್ತಳೆ ಬಣ್ಣಕ್ಕಿದ್ದರೆ ಅದು ಕೊಳೆಯಲ್ಲ, ಆರೋಗ್ಯದ ಬಣ್ಣವೇ ಅದು. ಸಿರಿಯನ್ ಜಾತಿಯ ಎರಡೂ ಸೊಂಟದ ಮೇಲೆ ಕಪ್ಪು ಮಚ್ಚೆಯಂಥದು ಕಂಡರೆ ಅದು ಗಡ್ಡೆಯಲ್ಲ, ವಾಸನೆಯ ಗ್ರಂಥಿ. ಕೂದಲು ಉದುರಿದಾಗ ಇದು ಹೆಚ್ಚು ಎದ್ದು ಕಾಣುತ್ತದೆ.

ಆದರೆ ಕೆಳಗಿನವುಗಳಲ್ಲಿ ಯಾವುದು ಕಂಡರೂ ನಾಳೆ ನೋಡೋಣ ಅನ್ನಬೇಡಿ: ಹಿಂಭಾಗ ಒದ್ದೆಯಾಗಿ ಭೇದಿ, ಹೆಣ್ಣಾದರೆ ರಕ್ತ ಅಥವಾ ಕೀವು ಸುರಿಯುವುದು, ಉಸಿರಾಡುವಾಗ ಸದ್ದು, ಒಂದು ದಿನ ಪೂರ್ತಿ ಏನೂ ತಿನ್ನದಿರುವುದು, ತಿಂಡಿ ಖಾಲಿಯಾದ ಮೇಲೂ ಇಳಿಯದ ಕೆನ್ನೆಯ ಊತ, ಹೊಸದಾಗಿ ಕೈಗೆ ಸಿಗುವ ಗಂಟು. ನೀರು ವಿಪರೀತ ಕುಡಿಯುತ್ತಿದ್ದರೆ ಮೂತ್ರಪಿಂಡದ ತೊಂದರೆಯೋ ಸಕ್ಕರೆ ಕಾಯಿಲೆಯೋ ಇರಬಹುದು. ಸಕ್ಕರೆ ಕಾಯಿಲೆ ಕುಳ್ಳ ಜಾತಿಗಳಲ್ಲಿ ಹೆಚ್ಚು.

ಪಂಜರದಲ್ಲಿ ಬದಲಾವಣೆ

ನಮ್ಮ ಮನೆಯದಕ್ಕೆ ಎರಡು ವರ್ಷ ದಾಟಿದಾಗ ಏಣಿಯ ಎರಡನೇ ಮೆಟ್ಟಿಲಿಗೇ ನಿಂತುಬಿಡುತ್ತಿತ್ತು. ನೋಡುತ್ತ ಕೂತಿದ್ದ ನಮ್ಮತ್ತೆಯವರು, "ಅದಕ್ಕೂ ನನ್ನ ಹಾಗೇ ಮಂಡಿನೋವು ಕಣೇ, ಮೊದಲು ಆ ಏಣಿ ತೆಗೆದುಹಾಕು" ಅಂದರು. ಆಮೇಲೆ ಡಾಕ್ಟರು ಹೇಳಿದ್ದೂ ಅದನ್ನೇ. ಹೌದು, ಇವಕ್ಕೂ ಕೀಲುನೋವು ಬರುತ್ತದೆ. ಏಣಿ, ಮಹಡಿ ತೆಗೆದು ಎಲ್ಲವನ್ನೂ ನೆಲಮಟ್ಟಕ್ಕೆ ತನ್ನಿ. ನೀರಿನ ಬಾಟಲಿಯ ಮೂತಿಯನ್ನು ಕತ್ತೆತ್ತದೆ ಸಿಗುವಷ್ಟು ಕೆಳಗಿಳಿಸಿ. ಜೊತೆಗೆ ಉಪ್ಪಿನಕಾಯಿ ಬಡಿಸುವಂಥ ಆಳವಿಲ್ಲದ ಒಂದು ಬಟ್ಟಲಲ್ಲೂ ನೀರಿಡಿ. ಚಕ್ರವನ್ನು ಪೂರ್ತಿ ತೆಗೆಯಬೇಡಿ, ನಿಧಾನವಾಗಿಯಾದರೂ ನಡೆಯಲಿ. ಆದರೆ ಅದು ಕಂಬಿಯ ಚಕ್ರವಾಗಿರಬಾರದು, ಕಾಲು ಸಿಕ್ಕಿಕೊಂಡು ಮುರಿಯುತ್ತದೆ.

ಹಾಸಿಗೆಗೆ ಸುವಾಸನೆಯಿಲ್ಲದ ಬಿಳಿ ಟಿಶ್ಯೂ ಕಾಗದವನ್ನು ಹರಿದು ದಪ್ಪನಾಗಿ ಹಾಕಿ. ಪೈನ್, ಸೀಡರ್ ಮರದ ಹೊಟ್ಟು ಬೇಡ, ಅದರ ಘಾಟು ಉಸಿರಿಗೆ ಕೆಟ್ಟದ್ದು. ಇದೇ ಕಾರಣಕ್ಕೆ ಪಂಜರ ದೇವರ ಮನೆಯ ಹತ್ತಿರವೂ ಇರಬಾರದು, ಒಗ್ಗರಣೆಯ ಹೊಗೆ ಬರುವ ಕಡೆಯೂ ಇರಬಾರದು. ಊದುಬತ್ತಿ, ಸೊಳ್ಳೆಬತ್ತಿ ದೂರವಿರಲಿ.

ಕಣ್ಣಿಗೆ ಪೊರೆ ಬಂದರೆ ಚಿಂತೆ ಬೇಡ. ಮೊದಲಿನಿಂದಲೂ ಅದು ಮೂಗು, ಮೀಸೆಗಳನ್ನು ನಂಬಿ ಬದುಕಿದ ಪ್ರಾಣಿ. ಆದರೆ ತಟ್ಟೆ, ಬಟ್ಟಲು, ಗೂಡುಗಳ ಜಾಗವನ್ನು ಮಾತ್ರ ಬದಲಿಸಬೇಡಿ. ಪಂಜರ ತೊಳೆದಾಗ ಹಳೆಯ ಹಾಸಿನಲ್ಲಿ ಒಂದು ಹಿಡಿ ಒಣಗಿದ್ದನ್ನು ಉಳಿಸಿ ಮತ್ತೆ ಹಾಕಿ. ತನ್ನ ವಾಸನೆ ಸಿಕ್ಕರೆ ಅದಕ್ಕೆ ಧೈರ್ಯ. ಮುಟ್ಟುವ ಮೊದಲು ಮೆಲ್ಲಗೆ ಮಾತಾಡಿಸಿ, ಇಲ್ಲದಿದ್ದರೆ ಬೆದರಿ ಕಚ್ಚಬಹುದು.

ನಮ್ಮ ಬೇಸಿಗೆ ಇವಕ್ಕೆ ದೊಡ್ಡ ಶತ್ರು. 20ರಿಂದ 24 ಡಿಗ್ರಿ ಇದ್ದರೆ ಹಿತ, 30 ದಾಟಿದರೆ ಕಷ್ಟ. ಹಾಗಿರುವಾಗ 40 ಮುಟ್ಟುವ ರಾಯಚೂರು, ಕಲಬುರಗಿ ಕಡೆಯವರು ಎಷ್ಟು ಎಚ್ಚರವಾಗಿರಬೇಕು ನೀವೇ ಯೋಚಿಸಿ. ಪಂಜರವನ್ನು ಮನೆಯ ತಂಪಾದ ಕೋಣೆಯಲ್ಲಿ ನೆಲದ ಮೇಲಿಡಿ. ಒಳಗೊಂದು ಮಣ್ಣಿನ ಕುಡಿಕೆಯನ್ನು ಅಡ್ಡ ಮಲಗಿಸಿ, ಹೊರಗೆ ಒಂದು ಪಕ್ಕಕ್ಕೆ ಒದ್ದೆ ಬಟ್ಟೆ ಇಳಿಬಿಡಿ. ಫ್ಯಾನಿನ ಗಾಳಿ ನೇರ ಬೀಸಬಾರದು. ಸ್ನಾನವನ್ನಂತೂ ಮಾಡಿಸಲೇಬೇಡಿ, ಶೀತವಾಗುತ್ತದೆ. ಕೊಳೆಯಾದ ಕಡೆ ಬೆಚ್ಚನೆ ನೀರಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಒರೆಸಿ, ಒಣ ಬಟ್ಟೆಯಿಂದ ಒತ್ತಿದರೆ ಸಾಕು.

ಮೆದು ಗಂಜಿ

ಅದರ ಮುಂದಿನ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಮುಪ್ಪಿನಲ್ಲಿ ಕಡಿಯುವುದು ಕಡಿಮೆಯಾದರೆ ಹಲ್ಲು ಉದ್ದವಾಗಿ ಬಾಯಿ ಮುಚ್ಚಲಾಗದೆ ಉಪವಾಸ ಬೀಳುತ್ತದೆ. ನೇಲ್ ಕಟ್ಟರ್ ಹಿಡಿದು ನೀವೇ ಕತ್ತರಿಸಲು ಹೋಗಬೇಡಿ, ಹಲ್ಲು ಉದ್ದುದ್ದ ಸೀಳುತ್ತದೆ. ಅದು ಡಾಕ್ಟರ ಕೆಲಸ. ಗಟ್ಟಿ ತಿನ್ನಲಾರದ ದಿನಗಳಿಗೆ ಈ ಗಂಜಿ ಮಾಡಿಕೊಡಿ.

ಬೇಕಾಗುವ ಪದಾರ್ಥಗಳು: ಅದು ದಿನವೂ ತಿನ್ನುವ ಪೆಲೆಟ್ ಒಂದು ಚಮಚ, ಓಟ್ಸ್ ಅರ್ಧ ಚಮಚ, ಬೇಯಿಸಿದ ಮೊಟ್ಟೆಯ ಬಿಳಿ ಭಾಗ ತೊಗರಿಕಾಳಿನಷ್ಟು, ಬಿಸಿನೀರು.

ಮಾಡುವ ವಿಧಾನ: ಪೆಲೆಟ್ ಮತ್ತು ಓಟ್ಸನ್ನು ಪುಡಿ ಮಾಡಿ, ಮುಳುಗುವಷ್ಟು ಬಿಸಿನೀರು ಹಾಕಿ ಹತ್ತು ನಿಮಿಷ ಮುಚ್ಚಿಡಿ. ಮೆತ್ತಗಾದ ಮೇಲೆ ಮೊಟ್ಟೆಯನ್ನು ಕಿವುಚಿ ಸೇರಿಸಿ, ಉಗುರುಬೆಚ್ಚಗಿರುವಾಗ ಬಟ್ಟಲ ಮುಚ್ಚಳದಲ್ಲಿಡಿ. ಉಪ್ಪು, ಸಕ್ಕರೆ, ಬೆಲ್ಲ, ಎಣ್ಣೆ ಏನೂ ಬೇಡ. ಎರಡು ಗಂಟೆಯಲ್ಲಿ ಉಳಿದದ್ದನ್ನು ತೆಗೆದುಬಿಡಿ, ಹುಳಿಯುತ್ತದೆ. ಮೊಟ್ಟೆ ಮುಟ್ಟದ ಮನೆಯವರು ಅದನ್ನು ಬಿಟ್ಟೇ ಮಾಡಬಹುದು.

ಸೌತೆಕಾಯಿಯ ಸಣ್ಣ ಹೋಳು ಕೊಡಬಹುದು. ಈರುಳ್ಳಿ, ಬೆಳ್ಳುಳ್ಳಿ, ಕಿತ್ತಳೆ, ನಿಂಬೆ, ಚಾಕೊಲೇಟ್ ಮುಟ್ಟಿಸಬೇಡಿ. ಸಕ್ಕರೆ ಕಾಯಿಲೆ ಇರುವ ಕುಳ್ಳ ಜಾತಿಗೆ ಹಣ್ಣು, ಕ್ಯಾರೆಟ್ ಕೂಡ ಬೇಡ.

ಮನೆಮದ್ದಿನ ಅಪಾಯ

ಸೋದರಿಯರೇ, ಈ ಒಂದು ಮಾತನ್ನು ಮಾತ್ರ ಮರೆಯಬೇಡಿ. ಮಗುವಿಗೆ ತಂದು ಉಳಿದಿರುವ ಅಮಾಕ್ಸಿಸಿಲಿನ್ ಸಿರಪ್ಪನ್ನು ಎರಡು ತೊಟ್ಟು ಹಾಕಿಬಿಡೋಣ ಅಂತ ಅನ್ನಿಸಬಹುದು. ಪೆನಿಸಿಲಿನ್ ಗುಂಪಿನ ಈ ಔಷಧಿಗಳೂ ಎರಿತ್ರೋಮೈಸಿನ್, ಕ್ಲಿಂಡಾಮೈಸಿನ್‌ನಂಥವೂ ಹ್ಯಾಮ್‌ಸ್ಟರಿನ ಕರುಳಿನಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು, ವಿಷ ಉಂಟುಮಾಡುವವು ಬೆಳೆಯಲು ದಾರಿ ಮಾಡುತ್ತವೆ. ಕಾಯಿಲೆಯಿಂದ ಉಳಿಯಬಹುದಾಗಿದ್ದ ಪ್ರಾಣಿ ಔಷಧಿಯಿಂದಲೇ ಸಾಯುತ್ತದೆ. ನಮ್ಮ ನೋವಿನ ಮಾತ್ರೆಗಳೂ ಬೇಡ. 60 ಕಿಲೋ ತೂಗುವ ನಮಗೂ 120 ಗ್ರಾಂ ತೂಗುವ ಅದಕ್ಕೂ ಐನೂರು ಪಟ್ಟು ವ್ಯತ್ಯಾಸ! ಕೀಲುನೋವಿಗೆ ಪಶುವೈದ್ಯರು ಮೆಲಾಕ್ಸಿಕ್ಯಾಂ ಎಂಬ ಔಷಧಿಯನ್ನು ತೊಟ್ಟಿನ ಲೆಕ್ಕದಲ್ಲಿ ಕೊಡುವುದುಂಟು. ಎಷ್ಟು ಮಿಲಿಲೀಟರ್, ದಿನಕ್ಕೆ ಎಷ್ಟು ಸಲ ಎಂದು ಬರೆಸಿಕೊಂಡು, ಸೂಜಿಯಿಲ್ಲದ ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ನಿಧಾನವಾಗಿ ಕುಡಿಸಿ.

ಎಲ್ಲ ಪಶುವೈದ್ಯರೂ ಇಷ್ಟು ಸಣ್ಣ ಪ್ರಾಣಿಯನ್ನು ನೋಡುವುದಿಲ್ಲ. ಮೊದಲೇ ಫೋನು ಮಾಡಿ ಕೇಳಿ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಅಲ್ಲಿ ವಿಚಾರಿಸಿದರೆ ತಿಳಿದವರ ದಾರಿ ಸಿಗಬಹುದು. ಗಾಳಿಗೆ ತೂತು ಮಾಡಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಳೆಯ ಹಾಸು ಹಾಕಿ ಒಯ್ಯಿರಿ. ದಾರಿಯಲ್ಲಿ ನೀರಿನ ಬದಲು ಸೌತೆಕಾಯಿಯ ತುಂಡಿರಲಿ. ತೂಕ ಬರೆದ ಚೀಟಿಯನ್ನು ಮರೆಯಬೇಡಿ. ಡಾಕ್ಟರ ಫೀಸು ಅದನ್ನು ಕೊಂಡ ಬೆಲೆಗಿಂತ ಹೆಚ್ಚಾಗಬಹುದು. ಆ ಲೆಕ್ಕವನ್ನು ಮಕ್ಕಳೆದುರು ಮಾತ್ರ ಆಡಬೇಡಿ.

ನಿಮ್ಮ ಆರೋಗ್ಯವೂ ಮುಖ್ಯ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಬಸುರಿಯರು ಪಂಜರ ತೊಳೆಯಬಾರದು. ಈ ಪ್ರಾಣಿಗಳ ಮೂತ್ರ, ಹಿಕ್ಕೆಗಳಿಂದ ಅಪರೂಪಕ್ಕೆ ಹರಡುವ ಒಂದು ವೈರಸ್ ಗರ್ಭದಲ್ಲಿರುವ ಮಗುವಿಗೆ ತೊಂದರೆ ಕೊಡಬಲ್ಲದು.

ಕೊನೆಯ ದಿನಗಳು

ಗಡ್ಡೆ ಬೆಳೆದು ಉಪಾಯವಿಲ್ಲ ಎಂದಾಗ, ಊಟ ಬಿಟ್ಟು, ಮುಟ್ಟಿದರೆ ನರಳುವಾಗ, ಪಶುವೈದ್ಯರು ಮತ್ತು ಬರುವ ಔಷಧಿ ಕೊಟ್ಟು ನೋವಿಲ್ಲದೆ ಜೀವ ಬಿಡಿಸುವ ದಾರಿ ಹೇಳಬಹುದು. ಅದನ್ನು ಕೇಳಿ ಎದೆ ಧಸಕ್ಕೆನ್ನುತ್ತದೆ. ಒಪ್ಪುವುದು, ಬಿಡುವುದು ಅವರವರ ಮನಸ್ಸಿಗೆ ಬಿಟ್ಟದ್ದು. ಅದು ತಿನ್ನುತ್ತದೆಯೇ, ನಡೆಯುತ್ತದೆಯೇ, ತನ್ನ ಮೈ ತಾನು ಸವರಿ ಶುಚಿ ಮಾಡಿಕೊಳ್ಳುತ್ತದೆಯೇ ಎಂದು ದಿನವೂ ನೋಡಿ. ಮೂರೂ ನಿಂತಿದ್ದರೆ ಉಳಿಸಿಕೊಳ್ಳುತ್ತಿರುವುದು ಅದರ ಸುಖಕ್ಕೋ ನಮ್ಮ ಸಮಾಧಾನಕ್ಕೋ ಎಂದು ಯೋಚಿಸಬೇಕಾಗುತ್ತದೆ.

ಇನ್ನೊಂದು ಎಚ್ಚರ. ಚಳಿ ತೀರಾ ಹೆಚ್ಚಿದಾಗ ಹ್ಯಾಮ್‌ಸ್ಟರ್ ಸತ್ತಂತೆ ತಣ್ಣಗಾಗಿ ಮಲಗಿಬಿಡುವುದುಂಟು. ಉಸಿರು ನಿಮಿಷಕ್ಕೆ ಒಂದೆರಡು ಸಲ ಮಾತ್ರ ಆಡಬಹುದು. ಅವಸರದಲ್ಲಿ ಹೂಳಬೇಡಿ. ಬೆಚ್ಚನೆಯ ಕೋಣೆಯಲ್ಲಿ, ಅಂಗೈಗಳ ನಡುವೆ ಇಟ್ಟುಕೊಂಡು ಕಾಯಿರಿ. ಮೀಸೆ ಅಲುಗುತ್ತದೆಯೇ ನೋಡಿ, ಡಾಕ್ಟರಿಗೆ ಫೋನು ಮಾಡಿ. ಗಂಟೆಗಳ ಮೇಲೆ ಮೈ ಮರದಂತೆ ಸೆಟೆದುಕೊಂಡಿದ್ದರೆ ಮಾತ್ರ ಹೋಯಿತೆಂದು ತಿಳಿಯಿರಿ.

ಮಕ್ಕಳು ಶಾಲೆಗೆ ಹೋದಾಗ ಗುಟ್ಟಾಗಿ ಸಾಗಿಸಿ, "ಎಲ್ಲೋ ಓಡಿಹೋಯಿತು" ಎಂದು ಹೇಳಬೇಡಿ. ಅವು ವಾರಗಟ್ಟಲೆ ಮಂಚದಡಿ, ಬೀರುವಿನ ಹಿಂದೆ ಹುಡುಕುತ್ತವೆ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ಅಳುವಷ್ಟು ಅಳಲಿ. ಬಿಳಿ ಬಟ್ಟೆಯಲ್ಲಿ ಸುತ್ತಿ, ನಾಯಿ ಬೆಕ್ಕು ಕೆದಕದಷ್ಟು ಆಳಕ್ಕೆ ಹೂಳಿ, ಮೇಲೊಂದು ಕನಕಾಂಬರದ ಸಸಿ ನೆಡಲು ಅವರ ಕೈಗೇ ಕೊಡಿ. ಮನೆಯಲ್ಲಿ ವಯಸ್ಸಾದವರನ್ನು, ಕಾಯಿಲೆಯವರನ್ನು ಹೇಗೆ ನೋಡಿಕೊಳ್ಳಬೇಕೆಂದು ಬಾಯಲ್ಲಿ ಎಷ್ಟು ಹೇಳಿದರೂ ಮಕ್ಕಳಿಗೆ ನಾಟುವುದಿಲ್ಲ. ನೂರಿಪ್ಪತ್ತು ಗ್ರಾಂ ತೂಕದ ಜೀವಕ್ಕೆ ಅಮ್ಮ ಗಂಜಿ ಮಾಡಿ ಕುಡಿಸಿದ್ದನ್ನು ಕಂಡ ಮಗು ಅದನ್ನು ಮರೆಯುವುದಿಲ್ಲ.